ನಂಜನಗೂಡು ತಿರುಮಲಾಂಬಾ ಅವರ ಜೀವಿತವೂ ಗ್ರಂಥಗಳೂ

ಈ ಸ್ಮರಣ ಸಂಚಿಕೆಯು ಕೈಸೇರಿದೊಡನೆ ನಮ್ಮ ಹಿಂದಿನ ವಿದ್ಯಾರ್ಥಿನಿಯರೂ ಅವರ ಮಾತಾಪಿತೃಗಳೂ ಶಾಲೆಯ ವರದಿಯನ್ನೂ ಬಹುಮಾನದ ಪಟ್ಟಿಯನ್ನೂ ಮೊದಲು ತೆರೆದು ನೋಡುವರೆಂಬುದನ್ನು ನಾವು ಬಲ್ಲೆವು. ಅದು ಸಹಜವೇ ಸರಿ. ಅದನ್ನು ಮುಗಿಸಿದ ಮೇಲೆ ಒಂದು ಗಳಿಗೆ ಬಿಡುವು ಮಾಡಿಕೊಂಡು ಈ ಲೇಖನವನ್ನೂ ಓದಬೇಕೆಂದು ಕೋರುತ್ತೇವೆ.

ಇದನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಮೇಲಿನ ತರಗತಿಯ ಬಾಲಿಕೆಯರಿಗೆ ಕನ್ನಡ ಕಾದಂಬರಿಯ ವಿಷಯವನ್ನು ಹೇಳುತ್ತಿದ್ದಾಗ, ತಾವು ಬಲ್ಲ ಕಾದಂಬರಿಕಾರರ ಹೆಸರುಗಳನ್ನು ಹೇಳಿರೆಂದು ಅವರನ್ನು ಕೇಳಿದೆವು. ಹೆಸರುಗಳು ಬೇಕಾದಷ್ಟು ಬಂದವು. ಸ್ತ್ರೀಯರ ಹೆಸರುಗಳನ್ನು ಮಾತ್ರ ಬೇರೆಯಾಗಿ ಬರೆದು ನೋಡಿದಾಗ, ಎಲ್ಲರೂ ತ್ರಿವೇಣಿಯವರೂ ಅವರಿಂದ ಈಚಿನವರೂ ಆಗಿದ್ದರು. ತ್ರಿವೇಣಿಯವರು ಹುಟ್ಟಿದುದು ೧೯೨೮ರಲ್ಲಿ. ಅದಕ್ಕೆ ಹದಿನೈದು ವರುಷಗಳ ಹಿಂದೆಯೇ ಮೈಸೂರು ಸೀಮೆಯ ಒಬ್ಬ ತರುಣಿ ವಿಧವೆಯು ಕಾದಂಬರಿಯನ್ನು ಬರೆದು, ತಾನೇ ಒಂದು ಗ್ರಂಥಮಾಲೆಯನ್ನು ಸ್ಥಾಪಿಸಿ ಅದರಲ್ಲಿ ಪ್ರಕಟಿಸಿದ್ದಳೆಂದು ನಾವು ಹೇಳಿದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯು ಎದ್ದು, ‘ಹಾಗಾದರೆ ಆಕೆಯ ಹೆಸರನ್ನು ನಾವು ಏಕೆ ಕೇಳಿಲ್ಲ?’ ಎಂದಳು. ಗಂಟೆ ಹೊಡೆಯುವುದರೊಳಗಾಗಿ ಆ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಲು ನಮ್ಮಿಂದಾಗಲಿಲ್ಲ. ಇಲ್ಲಿ ಹೇಳಲು ಯತ್ನಿಸುತ್ತೇವೆ.

ತಿರುಮಲಾಂಬಾ ಅವರು ೧೮೮೭ನೆಯ ಇಸವಿ ಮಾರ್ಚಿ ತಿಂಗಳಲ್ಲಿ, ಕಪಿಲಾ ನದಿಯ ದಡದಲ್ಲಿರುವ ನಂಜನಗೂಡಿನಲ್ಲಿ ಜನಿಸಿದರು. ತಂದೆಯವರಾದ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲಿ ವೃತ್ತಿಯವರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ. ಪಾವಗಡದ ಕಡೆಯಿಂದಲೂ ಮಧುಗಿರಿಯ ಗಡಿಭಾಗದ ಹಳ್ಳಿಗಳಿಂದಲೂ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತಾಯಿಯೊಡನೆ ತೆಲುಗಿನಲ್ಲಿ ಮಾತನಾಡಿ, ಶಾಲೆಗೆ ಬಂದು ಕನ್ನಡದಲ್ಲಿ ಬರೆಯುವವರು. ಮನೆಯ ನುಡಿ ಬೇರೆಯಾದುದರಿಂದ ಕನ್ನಡದಲ್ಲಿ ಹಿಂದುಳಿದೇವೆಂದು ಅಂಜುವವರೂ ಅವರಲ್ಲಿ ಉಂಟು. ಅಂಥವರು ಈ ಒಂದು ಸಂಗತಿಯನ್ನು ಗಮನಿಸಬಹುದು.

ಹತ್ತನೆಯ ವಯಸ್ಸಿನಲ್ಲಿ ಈಕೆಗೆ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯವು ಬಂದೊದಗಿತು. ಈ ಎರಡು ವಾಕ್ಯಗಳನ್ನು ಓದಿದೊಡನೆ ಇಂದಿನ ಬಾಲಿಕೆಯರು ಬೆರಗಾಗುವರು. ಕಾನೂನು ಏನು ಮಾಡುತ್ತಿತ್ತೆಂದು ಕೇಳುವರು. ಕಾನೂನು ಇದ್ದಿತು. ಮೈಸೂರು ಸಂಸ್ಥಾನವು ೧೮೯೪ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಶಾಸನವೊಂದನ್ನು ಮಾಡಿತ್ತು. ಅದರಂತೆ ಎಂಟು ವರುಷ ತುಂಬದ ಹೆಣ್ಣುಮಗುವಿನ ವಿವಾಹವು ನಿಷಿದ್ಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ನಿಷಿದ್ಧ. ಹೀಗಾಗಿ ಹತ್ತು ವರುಷದ ಮದುಮಗಳು ಕಾಯಿದೆಗೆ ಒಳಪಟ್ಟೇ ಮದುಮಗಳಾಗಿದ್ದಳು. ಆ ಕಾಲದಲ್ಲಿ ಇಷ್ಟನ್ನು ಮಾಡಿದುದೂ ದೊಡ್ಡ ಸಾಹಸವೆಂದು ಹೊಗಳಲ್ಪಟ್ಟಿತೆಂಬುದನ್ನು ಮರೆಯಲಾಗದು. ಬ್ರಿಟಿಷ್ ಇಂಡಿಯದಲ್ಲಿ ಹುಡುಗಿಯರ ವಿವಾಹಕ್ಕೆ ಹದಿನಾಲ್ಕು ವರುಷಗಳ ಮಿತಿಯನ್ನು ಹಾಕಿದ ಶಾರದಾ ಕಾಯಿದೆಯು ೧೯೨೯ರದು.

ಬಾಲವಿಧವೆಯು ಆಗಿನ ಮನೆಗಳಲ್ಲಿ ಹೇಗೆ ಬದುಕಬೇಕಾಗಿತ್ತೆಂಬುದನ್ನು ನಮ್ಮ ಅಜ್ಜಿಯಂದಿರು ಕಂಡಿದ್ದರು; ಕೆಲವರು ಅನುಭವಿಸಿಯೂ ಇದ್ದರು. ಶುಭಕಾರ್ಯದಲ್ಲಿ ಮುಂದೆ ಬಾರದೆ, ಬಣ್ಣದ ಬಟ್ಟೆಯನ್ನು ಉಡದೆ, ಒಳಮನೆಯ ಕತ್ತಲೆಯಲ್ಲಿ ದಿನಗಳನ್ನು ಕಳೆಯುವುದೇ ಅವಳ ಪಾಲು. ಓದಿದ ಹೆಣ್ಣು ವಿಧವೆಯಾಗುವಳೆಂಬ ಮೂಢನಂಬಿಕೆಯೂ ಆಗ ಅನೇಕರಲ್ಲಿದ್ದಿತು. ೧೯೦೧ರ ಜನಗಣತಿಯಲ್ಲಿ ಇಂಡಿಯಾ ದೇಶದ ಹೆಂಗಸರಲ್ಲಿ ನೂರಕ್ಕೆ ಒಬ್ಬಳಾದರೂ ಅಕ್ಷರ ಬಲ್ಲವಳಿರಲಿಲ್ಲ. ನಂಜನಗೂಡಿಗೆ ಸಮೀಪದ ಮೈಸೂರಿನಲ್ಲಿ ೧೮೮೧ರಿಂದಲೇ ಹೆಣ್ಣುಮಕ್ಕಳ ದೊಡ್ಡ ಪಾಠಶಾಲೆ ನಡೆಯುತ್ತಿತ್ತು. ಅದೇ ಮುಂದೆ ಮಹಾರಾಣಿ ಕಾಲೇಜಾಯಿತು. ಆದರೆ ತಿರುಮಲಾಂಬಾ ಅವರ ವಿದ್ಯೆಯು ಬೆಳೆದುದು ತಂದೆಯ ಮನೆಯಲ್ಲಿ. ಮಗಳ ದುಃಖವನ್ನು ಕಂಡ ತಂದೆಯು ಆಕೆಯ ಕೈಗೆ ಜಪಮಾಲೆಯನ್ನು ಮಾತ್ರ ಕೊಟ್ಟು ಸುಮ್ಮನಾಗಬಹುದಾಗಿತ್ತು. ಆತನು ಪುಸ್ತಕಗಳನ್ನು ಕೊಟ್ಟನು. ಕನ್ನಡ, ತಮಿಳು, ತೆಲುಗು ಮೂರನ್ನೂ ಆಕೆಯು ಓದಿಕೊಂಡರು. ನೆರೆಹೊರೆಯ ಹುಡುಗಿಯರಿಗೆ ತಾವು ಕಲಿತುದನ್ನು ಹೇಳಿಕೊಟ್ಟರು. ತಂದೆಯಂದಿರು ಈ ಲೇಖನವನ್ನು ಓದುತ್ತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇವೆ. ಆ ವಕೀಲರು ಯಾವ ಸಭೆಯಲ್ಲಿಯೂ ಸ್ತ್ರೀವಿದ್ಯಾಭ್ಯಾಸದ ಪರವಾಗಿ ಭಾಷಣ ಮಾಡದಿದ್ದರೂ, ತಮ್ಮ ಮನೆಯ ಒಂದು ಮೂಲೆಯಲ್ಲಿ ಮಾಡಿದ ಈ ಕಾರ್ಯವೇ ಸಾಕಾಗಿತ್ತು.

ಆಗ್ಗೆ ಕನ್ನಡದಲ್ಲಿ ಕಾದಂಬರಿಯೆಂಬುದು ಇನ್ನೂ ಎಳೆಯ ಗಿಡ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವು ೧೮೨೩ರಷ್ಟು ಹಿಂದಿನದಾದರೂ ಅದು ಹಳೆಯ ಗದ್ಯದ ದಾರಿಯದು. ೧೮೮೫ರಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳದ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದ ಮೇಲೆ ಜನರಿಗೆ ಕಾದಂಬರಿಯ ರುಚಿ ಹತ್ತಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ೧೮೯೯ರಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು, ನಮ್ಮ ಸಮಾಜದ ಕಥೆಯನ್ನೇ ಸ್ವತಂತ್ರವಾಗಿ ಹೇಳಿದ ಮೊದಲ ಕನ್ನಡ ಕಾದಂಬರಿಯೆಂದು ಪ್ರಸಿದ್ಧವಾಗಿರುವುದು. ಅದರ ನಾಯಿಕೆಯೂ ಒಬ್ಬ ಬಾಲವಿಧವೆ. ಕಪಟ ಸಂತರಿಗೆ ಮನೆಯನ್ನು ತೆರೆದಿಟ್ಟ ತಾಯಿತಂದೆಗಳಿಂದ ತಪ್ಪಿಸಿಕೊಂಡು, ಅಮೃತರಾಯನೆಂಬ ಸಜ್ಜನನ ಆಶ್ರಯದಲ್ಲಿ ವಿದ್ಯೆ ಕಲಿತು, ಕಡೆಗೆ ಪುನರ್ವಿವಾಹವಾಗುತ್ತಾಳೆ. ೧೯೦೩ರಲ್ಲಿಯೇ ಅದು ಇಂಗ್ಲಿಷಿಗೆ ಭಾಷಾಂತರವಾಯಿತು. ವಿಧವೆಯ ಕಥೆಯನ್ನು ಪೊಲೀಸು ಇಲಾಖೆಯಲ್ಲಿದ್ದ ಒಬ್ಬ ಗೃಹಸ್ಥರು ಬರೆದರು. ಹದಿನಾಲ್ಕು ವರುಷಗಳ ತರುವಾಯ ವಿಧವೆಯೇ ಬರೆಯಲು ಕುಳಿತಳು.

ಇಲ್ಲಿ ಒಂದು ಮಾತು. ತಿರುಮಲಾಂಬಾ ಅವರನ್ನು ಕನ್ನಡದ ಮೊತ್ತಮೊದಲ ಕಾದಂಬರಿಕರ್ತ್ರಿಯೆಂದು ಹೇಳುವುದು ರೂಢಿಯಾಗಿದೆ. ಶಾಂತಾಬಾಯಿ ನೀಲಗಾರರ ‘ಸದ್ಗುಣೀ ಕೃಷ್ಣಾಬಾಯಿ’ಯು ೧೯೦೮ರಷ್ಟು ಹಿಂದಿನದು. ಆದುದರಿಂದ ಮೊದಲನೆಯ ಪಟ್ಟಕ್ಕಾಗಿ ನಾವು ವಾದಿಸುವುದಿಲ್ಲ. ಕಾದಂಬರಿಯನ್ನೂ ಗ್ರಂಥಮಾಲೆಯನ್ನೂ ಪತ್ರಿಕೆಯನ್ನೂ ಒಬ್ಬಳೇ ಸ್ತ್ರೀಯು ನಡೆಸಿದುದೇ ಇಲ್ಲಿ ಮುಖ್ಯವಾದುದು.

೧೯೧೩ನೆಯ ಇಸವಿಯಲ್ಲಿ ತಿರುಮಲಾಂಬಾ ಅವರು ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದೇ ವರುಷ ಅವರ ‘ಸುಶೀಲೆ’ಯು ಹೊರಬಂದಿತು. ಮರುವರುಷ ‘ನಭಾ’. ಆ ಬಳಿಕ ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ದಕ್ಷಕನ್ಯೆ’ ಮೊದಲಾದವು ಬಂದು, ಆಕೆಯ ಕೃತಿಗಳ ಸಂಖ್ಯೆಯು ಇಪ್ಪತ್ತನ್ನು ಮೀರಿತು. ‘ಸುಶೀಲೆ’ಯು ಮತ್ತೆ ಮತ್ತೆ ಅಚ್ಚಾಯಿತು. ಇಷ್ಟಕ್ಕೇ ನಿಲ್ಲದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಸ್ತ್ರೀಯರಿಗಾಗಿ ಹೊರಡಿಸಿ, ತಾವೇ ಸಂಪಾದಕಿಯಾದರು.

ಒಳಮನೆಯಿಂದ ಹೊರಗೆ ಬರುವುದೇ ಕಷ್ಟವಾಗಿದ್ದ ಸ್ತ್ರೀಯು ಇದನ್ನೆಲ್ಲ ಹೇಗೆ ನಡೆಸಿದಳೆಂದು ಯಾರಾದರೂ ಕೇಳಬಹುದು. ನಮಗೆ ತೋರುವಂತೆ ಅದರ ಗುಟ್ಟು ಅಂಚೆಯ ಮನೆಯಲ್ಲಿದೆ. ಗ್ರಂಥಮಾಲೆಗಳ ಕ್ರಮವು ನಮ್ಮ ಕಿರಿಯ ವಾಚಕರಿಗೆ ತಿಳಿದಿರಲಾರದು. ಆದುದರಿಂದ ಸ್ವಲ್ಪ ವಿವರಿಸುತ್ತೇವೆ. ಆಗಿನ ಊರುಗಳಲ್ಲಿ ಪುಸ್ತಕದ ಅಂಗಡಿಗಳು ಇಲ್ಲವೆಂದೇ ಹೇಳಬೇಕು. ಗ್ರಂಥಮಾಲೆಯವರು ಮುಂದಾಗಿಯೇ ಚಂದಾದಾರರನ್ನು ಕೂಡಿಸಿ, ಅವರ ಹಣದ ಭರವಸೆಯ ಮೇಲೆ ಪುಸ್ತಕವನ್ನು ಅಚ್ಚು ಹಾಕಿಸಿ, ಒಬ್ಬೊಬ್ಬರ ಮನೆಗೂ ಕಳುಹಿಸುವರು. ಇಂಡಿಯಾದ ಅಂಚೆ ಇಲಾಖೆಯು ೧೮೭೭ರಲ್ಲಿ ವಿ. ಪಿ. ಪದ್ಧತಿಯನ್ನೂ ೧೮೮೦ರಲ್ಲಿ ಮನಿಯಾರ್ಡರನ್ನೂ ಏರ್ಪಡಿಸಿತ್ತು. ಕಟ್ಟು ಕೈಸೇರಿದಾಗ ಹಣವನ್ನು ಅಂಚೆಯವನಿಗೆ ಎಣಿಸಿ ಕೊಟ್ಟರಾಯಿತು. ಅದು ಕಳುಹಿಸಿದವರಿಗೆ ತಾನಾಗಿ ತಲಪುವುದು. ಬರೆಯುವವಳು ಹೊಸಿಲನ್ನು ದಾಟಬೇಕಾಗಿಲ್ಲ, ಓದುವವಳೂ ದಾಟಬೇಕಾಗಿಲ್ಲ. ಇಬ್ಬರು ಹೆಂಗಸರ ನಡುವೆ ಇದ್ದ ಎಷ್ಟೋ ಗೋಡೆಗಳನ್ನು ಚೀಲ ಹೊತ್ತ ಒಬ್ಬ ಅಂಚೆಯಾಳು ದಾಟಿಸುತ್ತಿದ್ದನು. ಮೈಸೂರು ಸೀಮೆಯ ಊರುಗಳಲ್ಲಿ ಸಂಜೆಯ ಹೊತ್ತು ಅಕ್ಷರ ಬಲ್ಲ ಒಬ್ಬಳು ಗಟ್ಟಿಯಾಗಿ ಓದುತ್ತಲೂ, ಐದಾರು ಮಂದಿ ಬತ್ತಿ ಹೊಸೆಯುತ್ತ ಕೇಳುತ್ತಲೂ ಇದ್ದ ಕಾಲವದು. ಹೀಗಾಗಿ ಒಂದು ಪ್ರತಿ ಮಾರಾಟವಾಯಿತೆಂದರೆ ಒಬ್ಬಳೇ ಓದಿದಳೆಂದು ತಿಳಿಯಬಾರದು.

ಪತ್ರಿಕೆಯು ಇನ್ನೂ ಹೆಚ್ಚಿನ ಕೆಲಸ. ಕಾದಂಬರಿಯನ್ನು ಬರೆದು ಮುಗಿಸಿದರೆ ಮುಗಿಯಿತು. ಮಾಸಪತ್ರಿಕೆಯು ತಿಂಗಳು ತಿಂಗಳಿಗೂ ಹಸಿದ ಮಗುವಿನಂತೆ ಬಂದು ನಿಲ್ಲುವುದು. ಲೇಖನಗಳನ್ನು ಕೂಡಿಸಬೇಕು, ಕರಡನ್ನು ತಿದ್ದಬೇಕು, ಚಂದಾ ಕೊಡದವರಿಗೆ ಜ್ಞಾಪಕ ಪತ್ರಗಳನ್ನು ಬರೆಯಬೇಕು. ವರುಷಕ್ಕೊಮ್ಮೆ ಬರುವ ಈ ಸಂಚಿಕೆಯನ್ನು ಹೊರತರುವುದರಲ್ಲಿಯೇ ಬಸವಳಿದ ನಾವು ಇದನ್ನು ಅನುಭವದಿಂದ ಹೇಳುತ್ತಿದ್ದೇವೆ.

ಇನ್ನು ಗ್ರಂಥಗಳ ಗುಣವೇನು? ಹೊಗಳಿಕೆಯನ್ನೇ ಬರೆದು ಮುಗಿಸುವುದು ನ್ಯಾಯವಲ್ಲ. ‘ಸತೀಹಿತೈಷಿಣೀ’ ಎಂದರೆ ಸತಿಯರ ಹಿತವನ್ನು ಬಯಸುವವಳು. ‘ಸುಶೀಲೆ’ಯು ಹೆಸರೇ ಹೇಳುವಂತೆ ಸದ್ಗುಣವತಿಯಾದ ಗೃಹಿಣಿಯ ಕಥೆ. ಪಾತಿವ್ರತ್ಯ, ತಾಳ್ಮೆ, ಸೇವೆ, ಇವುಗಳ ಆದರ್ಶವೇ ಎದ್ದು ಕಾಣುವುದು. ಹದಿನೇಳನೆಯ ಶತಮಾನದ ಕಡೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ದಲ್ಲಿ ಹಾಡಿದ ಆದರ್ಶಕ್ಕೂ ಇದಕ್ಕೂ ನಂಟು ತೋರುವುದು. ಭಾಷೆಯು ಸಂಸ್ಕೃತ ಪದಗಳಿಂದ ತುಂಬಿದುದು. ಬೋಧನೆಯು ಕಥೆಯ ದಾರಿಗೆ ಅಡ್ಡ ಬರುವುದುಂಟು. ವಿದ್ಯಾವತಿಯರಾದ ನಮ್ಮ ಈಗಿನ ಹುಡುಗಿಯರಿಗೆ ಇದೆಲ್ಲ ಹಳೆಯ ಕಾಲದ ಉಪದೇಶವೆಂದು ತೋರಿದರೆ ನಾವು ಅವರನ್ನು ಗದರಿಸುವುದಿಲ್ಲ.

ಆದರೆ ಒಂದು ಸಂಗತಿಯನ್ನು ಅವರು ತೂಗಿ ನೋಡಬೇಕು. ಗೃಹಿಣೀಧರ್ಮವನ್ನು ಬರೆದ ಈಕೆಗೆ ಗೃಹಿಣಿಯಾಗಿ ಬಾಳುವ ಅವಕಾಶವೇ ದೊರೆಯಲಿಲ್ಲ. ಮನೆಯೊಳಗೆ ಇರುವುದೇ ಸ್ತ್ರೀಗೆ ಭೂಷಣವೆಂದಿದ್ದ ಕಾಲದಲ್ಲಿ ಈಕೆಯ ಹೆಸರು ಮುಖಪುಟದ ಮೇಲೆ ಅಚ್ಚಾಗಿ ಊರೂರಿಗೆ ಹೋಯಿತು. ಅಚ್ಚುಕೂಟದವರೊಡನೆಯೂ ಚಂದಾದಾರರೊಡನೆಯೂ ಅಂಚೆಯ ಲೆಕ್ಕಪತ್ರಗಳೊಡನೆಯೂ ವ್ಯವಹರಿಸಬೇಕಾದ ಕಾರ್ಯವನ್ನು ಈಕೆಯು ಕೈಕೊಂಡಿದ್ದರು. ಪುಸ್ತಕವು ಹೇಳುವುದೊಂದು, ಪುಸ್ತಕವನ್ನು ಹೊರತಂದ ಬದುಕು ಹೇಳುವುದು ಇನ್ನೊಂದು. ಇದು ಕಪಟವೆಂದು ನಾವು ತಿಳಿಯುವುದಿಲ್ಲ. ಹೆಣ್ಣುಮಕ್ಕಳು ಓದಿದರೆ ಕೆಡುವರೆಂದು ಹೇಳುವ ಹಿರಿಯರ ಮನೆಗೆ, ಸತೀಧರ್ಮದ ಪುಸ್ತಕವಲ್ಲದೆ ಬೇರೆ ಯಾವ ಪುಸ್ತಕವು ತಾನೆ ಒಳಗೆ ಹೋಗಬಹುದಾಗಿತ್ತು? ‘ಸುಶೀಲೆ’ಯನ್ನು ಓದಿ ಅಕ್ಷರದ ಅಭ್ಯಾಸವಾದವಳು ಮುಂದೆ ತನಗೆ ಬೇಕಾದುದನ್ನು ಓದುವಳು. ಆಕೆಯು ಇದನ್ನು ಎಣಿಸಿಯೇ ಬರೆದರೆಂದು ನಾವು ಹೇಳಲಾರೆವು. ಆದರೆ ಫಲವು ಹಾಗೆಯೇ ಆದಂತೆ ತೋರುವುದು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಇಷ್ಟು ಮಾಡಿದ ಮೇಲೆ ಆಕೆಯು ಮರೆತುಹೋದುದು ಹೇಗೆ?

ಗ್ರಂಥಮಾಲೆಯು ನಿಂತಿತು, ಪತ್ರಿಕೆಯೂ ನಿಂತಿತು. ಕನ್ನಡದ ಹವೆಯೇ ಬದಲಾಯಿತು. ನವೋದಯದ ಹೊಸ ಬರೆಹಗಾರರು ಬಂದರು. ಅವರ ಸರಳವಾದ ಗದ್ಯದ ಮುಂದೆ ಹಳೆಯ ಶೈಲಿಯು ಭಾರವಾಗಿ ಕಂಡಿತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾಗಿ ಸಮ್ಮೇಳನಗಳು ನಡೆದವು. ಒಬ್ಬ ಸ್ತ್ರೀಯು ಅದರ ಅಧ್ಯಕ್ಷ ಪೀಠದಲ್ಲಿ ಕುಳಿತುದು ೧೯೭೪ರಲ್ಲಿ, ಮಂಡ್ಯದ ಸಮ್ಮೇಳನದಲ್ಲಿ. ಅವರು ಜಯದೇವಿತಾಯಿ ಲಿಗಾಡೆಯವರು. ಆ ಐವತ್ತೊಂಬತ್ತು ವರುಷಗಳ ಲೆಕ್ಕವನ್ನು ಹುಡುಗಿಯರೇ ಮಾಡಿಕೊಳ್ಳಲಿ. ಇವೆಲ್ಲಕ್ಕಿಂತಲೂ ಸರಳವಾದ ಇನ್ನೊಂದು ಕಾರಣವುಂಟು. ಹೆಂಗಸರು ಓದುವ ಪುಸ್ತಕಗಳು ಅಡಿಗೆಯ ಮನೆಯಲ್ಲಿಯೂ ಬಾಣಂತಿಯ ಕೋಣೆಯಲ್ಲಿಯೂ ಕೈಯಿಂದ ಕೈಗೆ ಹೋಗಿ ಹರಿದು ಹೋಗುವುವು. ಗಂಡಸರ ಪುಸ್ತಕಗಳು ಗಾಜಿನ ಬೀರುವಿನಲ್ಲಿ ನಿಲ್ಲುವುವು. ನಮ್ಮ ಮಧುಗಿರಿಯ ಬೆಟ್ಟದ ಕೋಟೆಯು ಎಷ್ಟೋ ಮಳೆಗಾಳಿಗಳನ್ನು ತಡೆದು ನಿಂತಿದೆ. ಕಾಗದವಾದರೋ ನೋಡುವವರಿಲ್ಲದಿದ್ದರೆ ಎರಡು ಮಳೆಗಾಲಕ್ಕೆ ಗೆದ್ದಲಿನ ಪಾಲು.

ಲೇಖಕರು ಹೀಗೆ ಮರೆಗೆ ಸರಿಯುವುದು ನಮ್ಮ ದೇಶದಲ್ಲಿ ಮಾತ್ರ ನಡೆದುದಲ್ಲ. ಹದಿನೆಂಟನೆಯ ಶತಮಾನದ ಚೀನಾ ದೇಶದಲ್ಲಿ ತ್ಸಾವ್ ಶೂಚಿನ್ ಎಂಬ ಕಾದಂಬರಿಕಾರನಿದ್ದನು. ಸಿರಿವಂತ ಮನೆತನದಲ್ಲಿ ಹುಟ್ಟಿ, ಮನೆತನವು ಕೆಟ್ಟ ಮೇಲೆ ಬಡತನದಲ್ಲಿ ಬದುಕಿದವನು. ತಾನು ಎಳೆಯತನದಲ್ಲಿ ಕಂಡಿದ್ದ ಬುದ್ಧಿವಂತ ಹೆಣ್ಣುಮಕ್ಕಳ ನೆನಪು ತನ್ನೊಡನೆಯೇ ಅಳಿಯಬಾರದೆಂಬ ಉದ್ದೇಶವನ್ನು ‘ಕೆಂಪು ಮಹಲಿನ ಕನಸು’ ಎಂಬ ತನ್ನ ಕಾದಂಬರಿಯ ಮೊದಲಲ್ಲಿಯೇ ಅವನು ಹೇಳಿಕೊಂಡಿರುವನು. ಅದರಲ್ಲಿ ಹುಡುಗಿಯರು ಸಂಘ ಕಟ್ಟಿಕೊಂಡು ಕವಿತೆ ರಚಿಸುವರು. ೧೭೬೩ರ ಸುಮಾರಿಗೆ ಅವನು ತೀರಿಕೊಂಡಾಗ ಕಥೆಯ ಎಂಬತ್ತು ಅಧ್ಯಾಯಗಳು ಕೈಬರೆಹದ ಪ್ರತಿಗಳಲ್ಲಿ ಮಾತ್ರ ಓಡಾಡುತ್ತಿದ್ದವು. ನೂರ ಇಪ್ಪತ್ತು ಅಧ್ಯಾಯಗಳ ರೂಪದಲ್ಲಿ ಅದು ಅಚ್ಚಾದುದು ೧೭೯೧ರಲ್ಲಿ. ಈಗ ಅದನ್ನು ಚೀನಾದ ಮಹಾಕೃತಿಗಳಲ್ಲಿ ಎಣಿಸುವರು. ಅವನ ಪುಸ್ತಕವನ್ನು ಉಳಿಸಿದವರು ಅದನ್ನು ಕೂತು ಪ್ರತಿ ಮಾಡಿಕೊಂಡ ಓದುಗರು. ತಿರುಮಲಾಂಬಾ ಅವರ ಪುಸ್ತಕಗಳು ಬರೆದವರು ಬದುಕಿರುವಾಗಲೇ ಅಚ್ಚಾಗಿ, ಮಾರಾಟವಾಗಿ, ಬರೆದವರು ಬದುಕಿರುವಾಗಲೇ ಮರೆಗೆ ಸಂದವು. ಚೀನಾದ ಲೇಖಕನಿಗೆ ತನ್ನ ಕೀರ್ತಿಯನ್ನು ಕಾಣುವ ಭಾಗ್ಯವಿರಲಿಲ್ಲ; ನಮ್ಮ ಲೇಖಕಿಗೆ ತನ್ನ ಮರವೆಯನ್ನು ಕಾಣುವ ದಿನಗಳು ಬಂದವು. ಯಾವುದು ಹೆಚ್ಚು ಕಷ್ಟವೆಂಬುದನ್ನು ವಾಚಕರಿಗೇ ಬಿಡುತ್ತೇವೆ.

ಏಕೆಂದರೆ ಆಕೆಯು ದೀರ್ಘಾಯುಷಿಗಳಾದರು. ತಮ್ಮ ಮುಪ್ಪಿನ ಕಾಲವನ್ನು ಮದರಾಸಿನಲ್ಲಿ, ಕನ್ನಡ ಸಾಹಿತ್ಯದ ಸದ್ದುಗದ್ದಲಗಳಿಂದ ದೂರವಾಗಿ ಕಳೆದರು. ಬೆಂಗಳೂರು ಜಯನಗರದ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಿ. ಎನ್. ಮಂಗಳಾ ಅವರು ಮರೆಯಾಗಿದ್ದ ಈ ಹಿರಿಯಳ ಕಡೆಗೆ ಕನ್ನಡಿಗರ ಗಮನವನ್ನು ಸೆಳೆದರು. ತಿರುಮಲಾಂಬಾ ಅವರು ೧೯೮೨ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಕಾಲವಾದರು. ಆ ಕಾಲೇಜಿನ ‘ಶಾಶ್ವತಿ’ ಎಂಬ ಸಂಸ್ಥೆಯು ಆಕೆಯ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಏರ್ಪಡಿಸಿ, ಭಾರತದ ಬೇರೆ ಬೇರೆ ಭಾಷೆಗಳ ಲೇಖಕಿಯರಿಗೆ ಅದನ್ನು ಕೊಟ್ಟಿತು. ಸೂಸಿ ತಾರು ಮತ್ತು ಕೆ. ಲಲಿತಾ ಅವರು ಭಾರತದ ಸ್ತ್ರೀಯರ ಬರೆಹಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿ ೧೯೯೧ರಲ್ಲಿ ಹೊರತಂದಾಗ, ಅದರಲ್ಲಿ ‘ನಭಾ’ದ ಭಾಗವೂ ಸೇರಿತು. ವಿಜಯಾ ದಬ್ಬೆಯವರು ಆಕೆಯ ಬರೆಹವನ್ನು ಆಳವಾಗಿ ಅಭ್ಯಾಸ ಮಾಡಿದರು. ಇವರಲ್ಲಿ ಹೆಚ್ಚಿನವರು ಪಾಠ ಹೇಳುವ ವೃತ್ತಿಯವರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿ ಸಿರಾ, ಕೊರಟಗೆರೆಗಳ ಕಡೆಯಲ್ಲಿ ಕೆಲಸಮಾಡುತ್ತಿರುವವರು ಗಮನಿಸಿ ಸಂತೋಷಪಡಬಹುದು.

ಪ್ರಶ್ನೆ ಕೇಳಿದ ಹುಡುಗಿಗೆ ‘ಸುಶೀಲೆ’ಯನ್ನು ತೋರಿಸಬೇಕೆಂದು ನಾವು ನಮ್ಮ ಶಾಲೆಯ ಪುಸ್ತಕಭಂಡಾರವನ್ನೆಲ್ಲ ಹುಡುಕಿದೆವು, ದೊರೆಯಲಿಲ್ಲ. ಹಳೆಯ ಪಟ್ಟಿಯಲ್ಲಿಯೂ ಹೆಸರಿಲ್ಲ. ಹೀಗಿರುವಲ್ಲಿ ಲೋಕವನ್ನು ದೂರುವುದಕ್ಕೆ ನಮಗೇನು ಅಧಿಕಾರ? ಆದುದರಿಂದ ಒಂದು ಬಿನ್ನಹ. ನಿಮ್ಮ ಮನೆಗಳ ಅಟ್ಟದ ಮೇಲೆಯೋ ಅಜ್ಜಿಯ ಮರದ ಪೆಟ್ಟಿಗೆಯ ತಳದಲ್ಲಿಯೋ, ಹಳೆಯ ಸೀರೆಯ ಮಡಿಕೆಯ ಕೆಳಗೆ, ಹೊದಿಕೆ ಹರಿದ ಕನ್ನಡ ಪುಸ್ತಕಗಳು ಇದ್ದರೆ, ಅವನ್ನು ತೂಕಕ್ಕೆ ಹಾಕುವ ಮೊದಲು ಒಳಪುಟವನ್ನು ತೆರೆದು ಹೆಸರನ್ನು ಓದಿರಿ. ‘ಸತೀಹಿತೈಷಿಣೀ’ ಎಂದಾ‌ಗಲಿ ‘ಕರ್ನಾಟಕ ನಂದಿನಿ’ ಎಂದಾಗಲಿ ಕಂಡುಬಂದರೆ ನಮಗೆ ಒಂದು ಕಾಗದ ಬರೆಯಿರಿ. ಪುಸ್ತಕವನ್ನು ಕೊಡಲು ಮನಸ್ಸಿಲ್ಲದಿದ್ದರೆ ಚಿಂತೆಯಿಲ್ಲ. ನಾವೇ ಹುಡುಗಿಯರನ್ನು ಕರೆದುಕೊಂಡು ನಿಮ್ಮ ಮನೆಗೆ ಬಂದು, ಕುಳಿತು ಓದಿಕೊಂಡು ಹೋಗುವೆವು.